ತರಕಾರಿಯಲ್ಲ, ತಕರಾರು

"ಈ ಪ್ರಪಂಚದಲ್ಲಿ ರಿಪೇರಿ ಆಗದ ವಸ್ತು ಅಂತ ಒಂದೂ ಇಲ್ಲ ಕಣೇ! ರಿಪೇರಿ ಮಾಡೋಕೆ ಬರದ ದಡ್ಡರು ಇದ್ದಾರೆ, ಅಷ್ಟೇ!"

ಡಾಕ್ಟ್ರು ಹೀಗೆ ಗುಡುಗಿದಾಗ ಅವನ ಹೆಂಡತಿ ಕೈಯಲ್ಲಿ ಮಿಕ್ಸಿ ಜಾರು ಹಿಡಿದು ಎದುರಿಗೇ ನಿಂತಿದ್ದಳು. ಆ ಜಾರು ರಿಪೇರಿಗೆಂದು ಅವನ ಕೈ ಸೇರಿ ಒಂದು ಮಳೆಗಾಲವೂ ಒಂದು ಬೇಸಿಗೆಯೂ ಕಳೆದಿದ್ದವು. "ಹಾಗಾದ್ರೆ ಇದು ವಸ್ತು ಅಲ್ವೇನ್ರೀ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಡಾಕ್ಟ್ರು ಎಂದರೆ ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡ ಡಾಕ್ಟರಲ್ಲ. ವಾಷಿಂಗ್ ಮೆಷಿನ್ ರಿಪೇರಿಯವನು. ಬೀದಿಯವರು ಇಟ್ಟ ಅಡ್ಡಹೆಸರದು. ಹೆಸರಿನಲ್ಲಿ ಮಾತ್ರ ಬಹುವಚನ, ಉಳಿದ ವ್ಯವಹಾರವೆಲ್ಲ ಏಕವಚನ. ಆದರೆ ಹೆಸರು ಸುಮ್ಮನೆ ಬಂದದ್ದಲ್ಲ. ತಿರುಗುತ್ತಿರುವ ಯಂತ್ರದ ಪಕ್ಕೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಬೇರಿಂಗ್ ಹೋಗಿದೆ" ಎನ್ನುತ್ತಿದ್ದ. "ಬೆಲ್ಟ್ ಸಡಿಲ ಆಗಿದೆ" ಎನ್ನುತ್ತಿದ್ದ. "ಯಾರದೋ ಜೇಬಿಂದ ನಾಣ್ಯ ಜಾರಿ ಪಂಪಿಗೆ ಸಿಕ್ಕೊಂಡಿದೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ನಾಣ್ಯ ಅಲ್ಲೇ ಇರುತ್ತಿತ್ತು. ಅಂಥ ಕಿವಿ ಅವನದು! ಆ ಕಿವಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಸಲ ರಿಪೇರಿಗೆ ಬಂದಿದ್ದದ್ದು ಯಂತ್ರವಲ್ಲ, ಅವನದೇ ಕ್ರೆಡಿಟ್ ಸ್ಕೋರು.

ಕಾರಣ ಅವನ ಬೆನ್ನು. ಮೂರನೇ ಮಹಡಿಯ ಮನೆಗಳಿಂದ ವಾಷಿಂಗ್ ಮೆಷಿನ್ನುಗಳನ್ನು ಹೊತ್ತು ಇಳಿಸಿ, ತಳ್ಳುಗಾಡಿಯಲ್ಲಿ ಅಂಗಡಿಗೆ ತಂದು, ರಿಪೇರಿ ಮಾಡಿ, ಮತ್ತೆ ಹೊತ್ತು ಹತ್ತಿಸಿ, ಆ ಬೆನ್ನು ಈಗ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಹಾಲು ಹಾಕುವವನು ತನ್ನ ಹಳೆಯ ಪುಟ್ಟ ವ್ಯಾನು ಮಾರುತ್ತೇನೆಂದ. ತಿಂಗಳ ಕೊನೆಯವರೆಗೆ ಬೇರೆಯವರಿಗೆ ಕೊಡುವುದಿಲ್ಲವೆಂದು ಮಾತೂ ಕೊಟ್ಟ. ಡಾಕ್ಟ್ರು ತಲೆ ಬಾಚಿಕೊಂಡು ಬ್ಯಾಂಕಿಗೆ ಹೋದ. ಸಾಲದ ವಿಭಾಗದ ಮೇಡಂ ಕಂಪ್ಯೂಟರು ನೋಡಿ ಮುಖ ಸಣ್ಣದು ಮಾಡಿಕೊಂಡರು.

"ಸಾಲಕ್ಕೆ ನಿಮ್ಮ ಸ್ಕೋರು ಸಾಲದು ಸಾರ್."

"ದುಡ್ಡು ಸಾಲದು ಅಂತ ತಾನೇ ಮೇಡಂ ಸಾಲ ಕೇಳೋಕೆ ಬಂದಿರೋದು? ಸಾಲದು ಅಂತ ಬಂದವನಿಗೆ ನೀವೂ ಸಾಲದು ಅಂದ್ರೆ ಹೇಗೆ?"

ಮೇಡಂ ನಕ್ಕರು. ನಕ್ಕ ಮೇಲೆ ಪಾಪ ಅನ್ನಿಸಿರಬೇಕು, ದಾರಿಯನ್ನೂ ಹೇಳಿದರು. "ಹಳೇ ಸಾಲಗಳು ಬಾಕಿ ಅಂತ ತೋರಿಸ್ತಿದೆ. ತಪ್ಪಾಗಿ ಬಂದಿದ್ರೆ ಸ್ಕೋರು ಕೊಡೋ ಕಂಪನಿಗೆ ತಕರಾರು ಹಾಕಿ. ಸಾಲ ಕೊಟ್ಟೋರು ರುಜುವಾತು ಮಾಡದಿದ್ರೆ ಅಳಿಸಿ ಹಾಕ್ತಾರೆ, ಸ್ಕೋರು ಮೇಲೇರುತ್ತೆ."

'ತಪ್ಪಾಗಿ ಬಂದಿದ್ರೆ' ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ಪಂಪಿನೊಳಗಿನ ನಾಣ್ಯ ಕೇಳುವ ಕಿವಿಗೆ ಆ ಎರಡು ಪದ ಮಾತ್ರ ಕೇಳಿಸಲಿಲ್ಲ. ಡಾಕ್ಟ್ರು ಮನೆಗೆ ಹಾರಿಕೊಂಡು ಬಂದ.

"ಅಮ್ಮಾ! ನಾಳೆಯಿಂದ ತಕರಾರು ಹಾಕ್ತೀನಿ!"

ಅಡುಗೆಮನೆಯಿಂದ ಅಮ್ಮನ ಸ್ವರ ಬಂತು. "ಹಾಕಪ್ಪಾ, ಒಳ್ಳೇದು. ಯಾವ ತರಕಾರಿ?"

"ತರಕಾರಿ ಅಲ್ಲಮ್ಮಾ, ತಕರಾರು! ಸಾಲ! ಸಾಲ ಸಿಗುತ್ತೆ!"

ಅಮ್ಮ ಹೊರಗೆ ಬಂದು, ಮಗನನ್ನು ಒಮ್ಮೆ ನೋಡಿ, ಒಳಗೆ ಹೋಗಿ ಶಾಲು ತಂದು ಹೊದಿಸಿದಳು. "ಚಳಿ ಆಗ್ತಿದ್ರೆ ಮೊದ್ಲೇ ಹೇಳ್ಬಾರ್ದಾ?"

"ಇದು ಜಾಣಕಿವುಡು," ಎಂದು ಡಾಕ್ಟ್ರು ಹೆಂಡತಿಯ ಹತ್ತಿರ ಗೊಣಗಿದ. "ಬೇಕಾದ್ದು ಕೇಳ್ಸುತ್ತೆ, ಬೇಡದ್ದು ಕೇಳ್ಸಲ್ಲ." ಹೆಂಡತಿ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

ಇಲ್ಲಿ ನಿಮಗೊಂದು ಗುಟ್ಟು ಹೇಳಲೇಬೇಕು. ಡಾಕ್ಟ್ರಿಗೆ ಹೇಳಬೇಡಿ. ಅವನ ಅಪ್ಪ ಅಮ್ಮ ಇಬ್ಬರೂ ಬಟ್ಟೆಯ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗಗಳಲ್ಲಿ ದುಡಿದವರು. ಮಗ್ಗಗಳ ಸದ್ದು ಮೊದಲು ಅಪ್ಪನ ಕಿವಿಯನ್ನು ತಿಂದಿತು. ಅಪ್ಪನಿಗೆ ಕೇಳಿಸಲೆಂದು ಕೂಗಿ ಕೂಗಿ ಅಮ್ಮನ ಗಂಟಲು ದೊಡ್ಡದಾಯಿತು. ಆ ದೊಡ್ಡ ಗಂಟಲಿನ ಮರೆಯಲ್ಲಿ ಅವಳ ಕಿವಿಯೂ ಮೆಲ್ಲಗೆ ಹೋಗುತ್ತಿದ್ದದ್ದು ಯಾರಿಗೂ ತಿಳಿಯಲಿಲ್ಲ. ಮಗ ಕಂತಿನಲ್ಲಿ ಅಪ್ಪನಿಗೆ ಕಿವಿ ಮೆಷಿನ್ ಕೊಡಿಸಿದ. ಅಪ್ಪ ಅದನ್ನು ಹಾಕಿಕೊಂಡು ಹೆಂಡತಿಯ ಮಾತು ನೆಟ್ಟಗೆ ಕೇಳಿದ್ದು ಕೆಲವೇ ವಾರ. ಆಮೇಲೆ ಅಪ್ಪ ಹೋಗಿಬಿಟ್ಟ. 'ಕಿವಿಯೇ ಹೋದ ಮೇಲೆ ಕಂತು ಯಾಕೆ?' ಎಂದು ಮಗ ಕಟ್ಟುವುದನ್ನು ನಿಲ್ಲಿಸಿದ. ಮೆಷಿನ್ನೂ ಅಪ್ಪನ ಜೊತೆಗೇ ಹೋಗಿರಬೇಕು ಎಂದುಕೊಂಡು ಮರೆತೂಬಿಟ್ಟ.

ಅದು ಹೋಗಿರಲಿಲ್ಲ. ಅಮ್ಮನ ಬಲಗಿವಿಯಲ್ಲಿತ್ತು. ಅಪ್ಪನ ಕಿವಿಗೆ ಅಚ್ಚು ತೆಗೆದು ಮಾಡಿದ್ದು ಅವಳಿಗೆ ಸಡಿಲವಾಗುತ್ತಿತ್ತು. ಅದಕ್ಕೆ ಹತ್ತಿಯ ದಾರ ಸುತ್ತಿ ಕೂರಿಸಿಕೊಂಡಿದ್ದಳು. ಮೇಲೆ ಬಿಳಿಗೂದಲು ಮುಚ್ಚುತ್ತಿತ್ತು. ಒಬ್ಬಳೇ ಇರುವಾಗ ಸೆಲ್ಲು ಉಳಿಯಲೆಂದು ಆರಿಸಿಡುತ್ತಿದ್ದಳು, ಆಗಲೇ ತಕರಾರು ತರಕಾರಿಯಾಗುತ್ತಿದ್ದದ್ದು. ಗುಟ್ಟು ಗೊತ್ತಿದ್ದದ್ದು ಸೊಸೆಗೆ ಮಾತ್ರ. ಅವಳು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು, ಸೆಲ್ಲು ತಂದುಕೊಡುತ್ತಿದ್ದವಳೂ ಅವಳೇ.

"ಅವನಿಗೆ ಹೇಳ್ಬೇಡ ಕಣಮ್ಮ," ಎಂದು ಅತ್ತೆ ಅವಳಿಂದ ಮಾತು ತೆಗೆದುಕೊಂಡಿದ್ದಳು. "ಗೊತ್ತಾದ್ರೆ ಹೊಸಾದು ಕೊಡಿಸ್ತೀನಿ ಅಂತ ಇನ್ನೊಂದು ಸಾಲ ಮಾಡ್ತಾನೆ. ಈಗ್ಲೇ ಬೆನ್ನು ಬಗ್ಗಿಹೋಗಿದೆ."

ಇನ್ನು ತಕರಾರಿನ ಕಥೆಗೆ ಬರೋಣ.

ತಕರಾರು ಹಾಕುವ ಅರ್ಜಿಯಲ್ಲಿ ಕಾರಣಕ್ಕೆಂದು ಕೆಲವು ಚೌಕಗಳಿದ್ದವು. 'ತೀರಿಸಿದ್ದೇನೆ', 'ಮೊತ್ತ ತಪ್ಪಾಗಿದೆ', 'ಈ ಸಾಲ ನನ್ನದಲ್ಲ'. ಕೊನೆಯದನ್ನು ಕಂಡು ಡಾಕ್ಟ್ರಿಗೆ ತವರುಮನೆ ಕಂಡಷ್ಟು ಸಂತೋಷವಾಯಿತು. ಏಕೆಂದರೆ ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಹೆಚ್ಚು ಸವೆದ ಮಾತೇ ಅದು.

"ಹಾಸಿಗೆ ಮೇಲಿರೋ ಒದ್ದೆ ಟವೆಲ್ ಯಾರ್ದು?"

"ನನ್ನದಲ್ಲ."

"ಈ ಮನೇಲಿ ಟವೆಲ್ ಸೊಂಟಕ್ಕೆ ಸುತ್ಕೊಂಡು ಓಡಾಡೋರು ನೀವೊಬ್ರೇ!"

"ಅದಕ್ಕೆ ರುಜುವಾತು ಏನಿದೆ?"

"ಈ ಮನೇಲಿ ನಿಮ್ಮದು ಅನ್ನೋದು ಏನಾದ್ರೂ ಇದ್ಯೇನ್ರೀ?"

"ಯೋಚ್ನೆ ಮಾಡಿ ಹೇಳ್ತೀನಿ."

ಮೊದಲ ಬಾಕಿ ಸ್ಕೂಟರಿನದು. ಅದನ್ನು ಅವನು ಎಂದೋ ತೀರಿಸಿದ್ದ, ರಸೀದಿಯೂ ಇತ್ತು. ತಕರಾರು ಹಾಕಿದ, ಅಳಿಸಿದರು. ಎರಡನೆಯದು ಸೋಫಾ ಸೆಟ್ಟಿನದು. ಇವನದೇ ಹೆಸರಿನ ಇನ್ನೊಬ್ಬ ಪುಣ್ಯಾತ್ಮ ಎಲ್ಲೋ ಸೋಫಾ ಕೊಂಡು, ಕಾಲು ಚಾಚಿ ಕೂತು, ಕಂತು ಮರೆತಿದ್ದ. "ಕೂತವನು ಅವನು, ಕುಸಿದದ್ದು ನನ್ನ ಸ್ಕೋರು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!" ಎಂದು ಡಾಕ್ಟ್ರು ಹಾರಾಡಿದ. ಈ ತಕರಾರನ್ನು ಫೋನಿನಲ್ಲಿ ಖಚಿತಪಡಿಸಬೇಕಿತ್ತು. ಮನೆಯೊಳಗೆ ಸಿಗ್ನಲ್ ಇಲ್ಲ. ಬೀದಿಗೆ ಬಂದು ನಿಂತ. ಆ ಕಡೆಯಿಂದ ಧ್ವನಿಮುದ್ರಿತ ಹೆಣ್ಣುದನಿ ಬಲು ವಿನಯದಿಂದ ಕೇಳಿತು: "ಈ ಸಾಲ ನಿಮ್ಮದೇ? ಹೌದು ಅಥವಾ ನನ್ನದಲ್ಲ ಎಂದು ಹೇಳಿ."

"ನನ್ನದಲ್ಲ."

"ಕ್ಷಮಿಸಿ, ನಿಮ್ಮ ಮಾತು ಕೇಳಿಸಲಿಲ್ಲ."

"ನನ್ನದಲ್ಲಾ!"

"ಕ್ಷಮಿಸಿ, ನಿಮ್ಮ ಮಾತು ಕೇಳಿಸಲಿಲ್ಲ."

"ನನ್ನದಲ್ಲಾ! ನನ್ನದಲ್ಲಾ! ದೇವರಾಣೆಗೂ ನನ್ನದಲ್ಲಾ!"

ಆ ದನಿಗೆ ಕೇಳಿಸಿತೋ ಇಲ್ಲವೋ, ಬೀದಿಗೆಲ್ಲ ಕೇಳಿಸಿತು. ಎದುರು ಮನೆಯ ಅಜ್ಜಿ ಕಿಟಕಿ ತೆರೆದು ಅವನ ಹೆಂಡತಿಯನ್ನು ಕರೆದಳು. "ಅಳ್ಬೇಡ ಮಗಳೇ. ಗಂಡಸರು ಮೊದಲು ಹಾಗೇ ಅಂತಾರೆ. ಮಗು ಮುಖ ನೋಡಿದ್ಮೇಲೆ ಒಪ್ಕೋತಾರೆ." ಇಲ್ಲದ ಬಸುರಿಗೆ ಹಾರೈಕೆ ಪಡೆದು ಹೆಂಡತಿ ಮೂರು ದಿನ ಗಂಡನ ಜೊತೆ ಮಾತುಬಿಟ್ಟಳು. ಆದರೆ ಸೋಫಾ ಅಳಿಸಿಹೋಯಿತು. ಸ್ಕೋರು ಮೇಲೇರಿತು. ಡಾಕ್ಟ್ರ ತಲೆಯೂ ಅದರ ಜೊತೆಗೇ ಏರಿತು.

ಉಳಿದದ್ದು ಒಂದೇ. ಕಿವಿ ಮೆಷಿನ್ನು.

"ಅದು ನಮ್ಮದೇ ಅಲ್ವೇನ್ರೀ? ಮಾವನಿಗೆ ತಂದಿದ್ದು," ಎಂದಳು ಹೆಂಡತಿ.

"ಅಲ್ಲೇ ಇದೆ ನೋಡು ಉತ್ತರ. ಮಾವನಿಗೆ ತಂದಿದ್ದು! ಕಿವಿ ಅವರದು, ಮೆಷಿನ್ ಅವರದು. ನನ್ನದು ಹೇಗಾಗುತ್ತೆ?"

"ರೀ, ಅದೊಂದನ್ನ ಬಿಟ್ಬಿಡಿ. ಸ್ವಲ್ಪ ಸ್ವಲ್ಪ ಕಟ್ಟಿ ತೀರಿಸೋಣ."

"ಯಾಕೆ ಬಿಡ್ಬೇಕು?"

ಅವಳು ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಅತ್ತೆ ಪಾತ್ರೆ ಒರೆಸುತ್ತಿದ್ದಳು. ಕೊಟ್ಟ ಮಾತು ನೆನಪಾಯಿತು. "ಯಾಕೂ ಇಲ್ಲ. ಬಿಡಿ ಅಂದೆ ಅಷ್ಟೇ."

"ಸತ್ತೋರ ಕಿವಿಗೆ ಕಂತು ಕಟ್ಟೋ ದಡ್ಡ ನಾನಲ್ಲ!"

ಪಾತ್ರೆ ಒರೆಸುವ ಕೈ ಅಲ್ಲಿ ನಿಂತಿತು. ಆ ಹೊತ್ತು ಮೆಷಿನ್ ಆರಿರಲಿಲ್ಲ. ಡಾಕ್ಟ್ರು ಅದನ್ನು ನೋಡಲಿಲ್ಲ. ಅವನು 'ನನ್ನದಲ್ಲ' ಎಂಬ ಚೌಕದಲ್ಲಿ ಗುರುತು ಹಾಕುವುದರಲ್ಲಿ ಮಗ್ನನಾಗಿದ್ದ.

ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವವರನ್ನು ನೀವು ನೋಡಿರಬಹುದು. ಇವನು ಗೋಡೆಗೇ ಗುದ್ದಿದ್ದ. ಸ್ಕೂಟರಿನವರು ಸುಮ್ಮನಿದ್ದರು, ಸೋಫಾದವರು ಸುಮ್ಮನಿದ್ದರು. ಕಿವಿ ಮೆಷಿನ್ನಿಗೆ ಸಾಲ ಕೊಟ್ಟ ಕಂಪನಿಯವರು ಮಾತ್ರ ಒಬ್ಬ ತನಿಖೆಯವನನ್ನೇ ಮನೆಗೆ ಕಳಿಸಿಬಿಟ್ಟರು! ತೆಳ್ಳನೆಯ ಮನುಷ್ಯ, ದಪ್ಪನೆಯ ಫೈಲು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ತನಿಖೆಯವನು ಕುರ್ಚಿಯ ತುದಿಯಲ್ಲಿ ಕೂತು ಶುರು ಮಾಡಿದ.

"ಈ ಮೆಷಿನ್ ನಿಮ್ಮದಲ್ಲ?"

"ನನ್ನದಲ್ಲ."

"ಗುರುತಿನ ಚೀಟಿ ನಿಮ್ಮದೇ ಇದೆಯಲ್ಲ."

"ಯಾರೋ ಬಳಸ್ಕೊಂಡಿರ್ಬೇಕು."

"ಯಾರು?"

"ಅದನ್ನ ನೀವು ಹೇಳ್ಬೇಕು ಸಾರ್. ತನಿಖೆ ನಿಮ್ಮದು, ನನ್ನದಲ್ಲ."

"ಹೇಳ್ತೀನಿ," ಎಂದು ಅವನು ಫೈಲು ಬಿಚ್ಚಿದ. "ಮಾಲು ಬಂದಾಗ ಬಾಗಿಲಲ್ಲಿ ಪಡ್ಕೊಂಡೋರ ಸಹಿ ಇಲ್ಲಿದೆ. ಈ ಸಹಿ ಯಾರದೋ ಅವರೇ ಮೋಸ ಮಾಡಿರೋದು. ನಿಮ್ಮ ಹೆಸರಲ್ಲಿ ಸಾಲ ಎತ್ತಿ ಮಾಲು ಹೊಡ್ಕೊಂಡಿದ್ದಾರೆ. ಪೊಲೀಸ್ ಕಂಪ್ಲೇಂಟ್ ಕೊಡ್ಬೇಕಾಗುತ್ತೆ. ಗುರುತು ಸಿಗುತ್ತಾ ನೋಡಿ."

ಡಾಕ್ಟ್ರು ನೋಡಿದ. ದಪ್ಪ ದಪ್ಪ ಅಕ್ಷರ, ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ. ಶಾಲೆಯಲ್ಲಿದ್ದಾಗ ಅವನ ಅಂಕಪಟ್ಟಿಯ ಕೆಳಗೆಲ್ಲ ಇದೇ ಬಾಲ ಇರುತ್ತಿತ್ತು. ಆ ದಿನ ಅವನು ಅಂಗಡಿಯಲ್ಲಿದ್ದಾಗ ಡಬ್ಬಿ ಬಂದಿತ್ತು, ಅಮ್ಮ ಸಹಿ ಹಾಕಿ ತೆಗೆದುಕೊಂಡಿದ್ದಳು. ಈಗ ಅವನು ಬಾಯಿಬಿಟ್ಟು 'ನನ್ನದು' ಎಂದು ಮೂರಕ್ಷರ ಹೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ವ್ಯಾನು ಕಣ್ಣ ಮುಂದೆ ಬಂತು. ಬೆನ್ನು ನೆನಪಾಯಿತು. ಅವನು ಹೇಳಲಿಲ್ಲ.

ಹೇಳಿದ್ದು ಅಮ್ಮ. ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅದು ನನ್ನ ಸಹಿ ಕಣಪ್ಪ."

"ನಿಮ್ದಾ ಅಮ್ಮಾ?"

"ನನ್ನದೇ. ಇವನ ಚೀಟಿ ಕದ್ದವಳೂ ನಾನೇ. ಇವನಿಗೆ ಏನೂ ಗೊತ್ತಿಲ್ಲ, ಪಾಪ."

ತನಿಖೆಯವನಿಗೆ ಇಂಥ ಕಳ್ಳರ ಅಭ್ಯಾಸವಿರಲಿಲ್ಲ. ಪೆನ್ನಿನ ಮುಚ್ಚಳ ಕೈಜಾರಿ ಬಿತ್ತು. "ಯಾಕಮ್ಮಾ ಹೀಗ್ಮಾಡಿದ್ರಿ?"

"ದುರಾಸೆಯಪ್ಪಾ."

"ಕಿವಿ ಮೆಷಿನ್ನಿಗೆ ದುರಾಸೆನಾ?"

"ಎಲ್ಲಾರ ಮಾತೂ ಕೇಳ್ಬೇಕು ಅನ್ನೋ ದುರಾಸೆ," ಎಂದಳು ಅಮ್ಮ, ಮಗನ ಕಡೆ ನೋಡದೆ. "ಏನೇನೋ ಕೇಳಿಸ್ಕೊಂಡಾಯ್ತು. ಇನ್ನು ಸಾಕು."

ತನಿಖೆಯವನು ಕೆಟ್ಟವನಲ್ಲ. ಫೈಲಿನ ಅಂಚು ಕೆರೆಯುತ್ತ ಯೋಚಿಸಿ, ವಯಸ್ಸು ನೋಡಿ ಪೊಲೀಸಿಗೆ ಹೋಗುವುದಿಲ್ಲವೆಂದ. ಮಾಲು ವಾಪಸು ಕೊಟ್ಟರೆ 'ಮರಳಿ ಪಡೆಯಲಾಗಿದೆ' ಎಂದು ಬರೆದು ಮುಗಿಸುತ್ತೇನೆ, ಮಗನ ಹೆಸರೂ ಶುದ್ಧವಾಗುತ್ತದೆ ಎಂದ. ಅಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತು ಬಿಟ್ಟು ಬಂದಳು. ಬಲಗಡೆಯ ಕೂದಲು ಕೆದರಿತ್ತು. ಕೈಯಲ್ಲಿ ಹಳೆಯ ಡಬ್ಬಿ.

"ಜೋಪಾನ. ಸೆಲ್ಲು ಹೊಸಾದು, ಮೊನ್ನೆ ಹಾಕಿದ್ದು."

ಡಾಕ್ಟ್ರಿಗೆ ಆಗಲೂ ಹೊಳೆಯಲಿಲ್ಲ! 'ಅರೆ, ಇದು ಇನ್ನೂ ಇತ್ತಾ?' ಎಂದಷ್ಟೇ ಅಂದುಕೊಂಡ. ತನಿಖೆಯವನು, "ಇಲ್ಲೊಂದು ಸಹಿ ಹಾಕಿ ಅಮ್ಮಾ," ಎಂದ. ಅಮ್ಮ ಅವನ ತುಟಿಗಳನ್ನೇ ನೋಡಿ ನಕ್ಕಳು. "ಇರ್ಲಿ ಬಿಡಪ್ಪ, ಊಟ ಮಾಡ್ಕೊಂಡು ಹೋಗು," ಎಂದಳು. ಅವನು ಬೆರಳಿಟ್ಟು ತೋರಿಸಿದ ಮೇಲೆ ಸಹಿ ಹಾಕಿದಳು. ಬಾಲ ಈ ಸಲ ಕಾಗದದ ಅಂಚು ದಾಟಿತು. 'ಎಂಥ ನಟನೆ! ಎಂಥ ಜಾಣಕಿವುಡು!' ಎಂದು ಮಗ ಮನಸ್ಸಿನಲ್ಲೇ ಅಮ್ಮನ ಕಾಲಿಗೆ ಬಿದ್ದ. ನಿಜವಾಗಿ ಬೀಳಬೇಕಾದ ಕಾರಣ ಅವನಿಗೆ ತಿಳಿದಿರಲಿಲ್ಲ.

ಹೆಂಡತಿಗೆ ಸಂಜೆ ಹೇಳಿದ್ದು, "ಸರಾಗವಾಗಿ ಮುಗೀತು ಕಣೇ," ಎಂದು ಮಾತ್ರ. ಅಮ್ಮ ಸೊಸೆಗೆ ಹೇಳಿದ್ದು, "ಕಿವಿ ಸ್ವಲ್ಪ ನೋಯ್ತಿದೆ, ಮೆಷಿನ್ ತೆಗೆದಿಟ್ಟಿದ್ದೀನಿ," ಎಂದು. ಒಂದೇ ಮನೆಯಲ್ಲಿ ಎರಡು ಸುಳ್ಳು, ಎರಡೂ ಊಟ ಮಾಡಿ ಮಲಗಿದವು.

ತಿಂಗಳ ಕೊನೆಗೆ ಇನ್ನೂ ದಿನಗಳಿರುವಾಗಲೇ ಫೋನಿಗೆ ಸಂದೇಶ ಬಂತು. 'ಅಭಿನಂದನೆಗಳು! ನಿಮ್ಮ ಸ್ಕೋರು ಈಗ ಅತ್ಯುತ್ತಮ!' ಎಸ್ಸೆಸ್ಸೆಲ್ಸಿಯಲ್ಲಿ ಕೂಡ ಯಾರೂ ಅವನಿಗೆ ಅತ್ಯುತ್ತಮ ಎಂದಿರಲಿಲ್ಲ! ಬ್ಯಾಂಕಿನ ಮೇಡಂ ಫೋನಿನಲ್ಲೇ ಸಾಲ ಸಿಗುತ್ತದೆ, ಬನ್ನಿ ಎಂದರು. ಡಾಕ್ಟ್ರು ಅಂಗಡಿಯ ಷಟರು ಎಳೆದು ಮನೆಗೆ ಓಡಿದ.

"ಅಮ್ಮಾ! ತಕರಾರು ಗೆದ್ದಿತು! ಸಾಲ ಬಂತು!"

ಅಮ್ಮ ಬೆನ್ನು ತಿರುಗಿಸಿ ಕೂತು ಬಟ್ಟೆ ಮಡಿಸುತ್ತಿದ್ದಳು. ತಿರುಗಲಿಲ್ಲ. ಈ ಸಲ ತರಕಾರಿಯೂ ಇಲ್ಲ, ಶಾಲೂ ಇಲ್ಲ.

ಅಷ್ಟರಲ್ಲಿ ಹೆಂಡತಿ ಕೆಲಸದಿಂದ ಬಂದಳು. ಚಪ್ಪಲಿ ಬಿಟ್ಟು ನೇರ ಅತ್ತೆಯ ಎದುರಿಗೆ ಹೋಗಿ, ಬ್ಯಾಗಿನಿಂದ ಪುಟ್ಟ ಪೊಟ್ಟಣ ತೆಗೆದು ಅವಳ ಅಂಗೈಯಲ್ಲಿಟ್ಟಳು. ಅಮ್ಮ ಅದನ್ನು ನೋಡಿದಳು. ಮೆಲ್ಲಗೆ ಸೊಸೆಯ ಕೈಗೇ ಮರಳಿಸಿ, ಬೆರಳುಗಳನ್ನು ತಾನೇ ಮುಚ್ಚಿದಳು.

"ಇನ್ನು ಬೇಡಮ್ಮ. ಅವರದ್ದು ಅವರಿಗೆ ಕೊಟ್ಟಾಯ್ತು."

"ಯಾರಿಗೆ ಅತ್ತೆ?"

ಅಮ್ಮ ಮತ್ತೆ ಬಟ್ಟೆ ಮಡಿಸತೊಡಗಿದಳು. ಹೆಂಡತಿ ಗಂಡನ ಕಡೆ ತಿರುಗಿದಳು.

"ಏನದು ಪೊಟ್ಟಣ?" ಎಂದ ಡಾಕ್ಟ್ರು.

"ಸೆಲ್ಲು. ಮಾವನ ಮೆಷಿನ್ನಿಗೆ. ಮಾವ ಹೋದ ಮೇಲೆ ಅತ್ತೆ ಹಾಕ್ಕೊಳ್ತಿದ್ರಲ್ಲ, ಅದಕ್ಕೆ. ಏನ್ಮಾಡಿದ್ರಿ ಅದನ್ನ?"

"ನಂಗೆ... ನಂಗೆ ಯಾರೂ ಹೇಳ್ಲೇ ಇಲ್ಲ!"

"ಪಂಪಿನೊಳಗೆ ನಾಣ್ಯ ಇದೆ ಅಂತ ನಿಮಗೆ ಯಾರು ಹೇಳ್ತಾರೆ?"

ಡಾಕ್ಟ್ರು ಅಮ್ಮನ ಬೆನ್ನ ಹಿಂದೆ ಹೋಗಿ ನಿಂತ. "ಅಮ್ಮಾ," ಎಂದ. ಅವಳು ಅವನದೇ ಅಂಗಿಯ ತೋಳು ಮಡಿಸುತ್ತಿದ್ದಳು. ಇನ್ನೂ ಜೋರಾಗಿ, "ಅಮ್ಮಾ!" ಎಂದ. ಅವಳು ಅಂಗಿಯ ಗುಂಡಿ ಹಾಕಿ, ಮಡಿಕೆಯನ್ನು ಅಂಗೈಯಿಂದ ಸವರಿದಳು. ಮಗ್ಗದ ಪಕ್ಕ ದುಡಿದ ಇಬ್ಬರಲ್ಲಿ ಒಬ್ಬರ ಕಿವಿ ಹೋಗಿದ್ದರೆ ಇನ್ನೊಬ್ಬರದು ಏನಾಗಿದೆ ಎಂದು ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಕೇಳಬೇಕಿತ್ತು ಎಂದು ಅವನಿಗೆ ಆಗ ಹೊಳೆಯಿತು. 'ಸತ್ತೋರ ಕಿವಿಗೆ' ಎಂದು ತಾನೇ ಕೂಗಿದ್ದೂ ನೆನಪಾಯಿತು. ಅದು 'ಏನೇನೋ ಕೇಳಿಸ್ಕೊಂಡಾಯ್ತು' ಎಂದವಳಿಗೆ ಕೇಳಿಸಿತ್ತು. ಅವನಿಗೆ ಅಳು ಬಂತು. ಅತ್ತರೂ ಅಮ್ಮನಿಗೆ ಕೇಳಿಸುವುದಿಲ್ಲ ಎಂದು ತಿಳಿದು ಇನ್ನೂ ಜೋರಾಗಿ ಅತ್ತ.

ಮರುದಿನ ಬೆಳಿಗ್ಗೆ ಕಂಪನಿಯ ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿದ್ದ. ತನಿಖೆಯವನು ಬಂದು ಬ್ಯಾಗು ಇಳಿಸುವ ಮುಂಚೆಯೇ ಶುರು ಮಾಡಿದ.

"ಸಾರ್, ಆ ಮೆಷಿನ್ ನನ್ನದು!"

"ನಿಮ್ಮದಲ್ಲ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ."

"ಸುಳ್ಳು ಬರ್ದಿದ್ದೆ."

"ಅದು ಸುಳ್ಳು ಅಂತ ನಾವು ಒಪ್ಪೋ ಹಾಗಿಲ್ಲ ಸಾರ್. ತನಿಖೆ ಮಾಡಿ ನಿಜ ಅಂತ ತೀರ್ಮಾನ ಆಗಿದೆ."

"ಹಾಗಾದ್ರೆ 'ನನ್ನದು' ಅಂತ ಇನ್ನೊಂದು ಅರ್ಜಿ ಕೊಡ್ತೀನಿ. ಬಾಕಿ ಬಡ್ಡಿ ಎಲ್ಲಾ ಹಾಕಿ. ಸ್ಕೋರು ಪಾತಾಳಕ್ಕೆ ಹೋಗ್ಲಿ. ಮೆಷಿನ್ ಕೊಡಿ ಸಾಕು!"

ತನಿಖೆಯವನು ಕಪಾಟು ತೆರೆದು ನೋಡಿದ, ಮೇಜಿನ ಖಾನೆ ಎಳೆದು ನೋಡಿದ. "ನನ್ನದಲ್ಲ ಅನ್ನೋಕೆ ಅರ್ಜಿ ಇದೆ ಸಾರ್. ನನ್ನದು ಅನ್ನೋಕೆ ಇಲ್ಲ. ಇಲ್ಲಿವರೆಗೆ ಯಾರೂ ಕೇಳ್ಲಿಲ್ಲ."

"ಮೆಷಿನ್?"

"ದಾರ ಸುತ್ತಿದ್ರಲ್ಲ, ಅದೇ ತಾನೆ?" ಅವನ ದನಿ ತಗ್ಗಿತು. "ಒಬ್ಬರ ಕಿವಿಗೆ ಹಾಕಿದ್ದನ್ನ ಇನ್ನೊಬ್ಬರಿಗೆ ಮಾರೋ ಹಾಗಿಲ್ಲ. ಲೆಕ್ಕ ಬರ್ಕೊಂಡು ಒಡೆದು ಹಾಕ್ತಾರೆ. ಆಗೋಯ್ತು ಸಾರ್."

ಎಲ್ಲವನ್ನೂ ರಿಪೇರಿ ಮಾಡುವ ಡಾಕ್ಟ್ರು ಆ ಮೇಜಿನ ಮುಂದೆ ಬರಿಗೈಯಲ್ಲಿ ನಿಂತ. ಚೂರುಗಳನ್ನಾದರೂ ಕೊಡುತ್ತೀರಾ ಎಂದು ಕೇಳಿದ. ಚೂರುಗಳೂ ಇರಲಿಲ್ಲ.

ಅಲ್ಲಿಂದ ಬ್ಯಾಂಕಿಗೆ ಹೋದ. ಮೇಡಂ ವ್ಯಾನಿನ ಸಾಲದ ಕಾಗದಗಳನ್ನು ಸಿದ್ಧ ಮಾಡಿಟ್ಟಿದ್ದರು. ವ್ಯಾನು ಬೇಡ, ಕಿವಿ ಮೆಷಿನ್ ಬೇಕು, ಎರಡು ಕಿವಿಗೂ ಬೇಕು ಎಂದ. ಎರಡೂ ಸಾಲ ಒಟ್ಟಿಗೆ ಸಿಗುವುದಿಲ್ಲ, ಯೋಚನೆ ಮಾಡಿ ಎಂದರು ಮೇಡಂ.

"ಮಾಡ್ದೆ ಮೇಡಂ."

"ಇಷ್ಟು ಒಳ್ಳೇ ಸ್ಕೋರಿಗೆ ಇಷ್ಟು ಸಣ್ಣ ಸಾಲನಾ ಸಾರ್?"

"ಸಾಲದು ಅಂತ ನನಗೂ ಗೊತ್ತು ಮೇಡಂ," ಎಂದ ಡಾಕ್ಟ್ರು. ಮೇಡಂ ಈ ಸಲ ನಗಲಿಲ್ಲ.

ವ್ಯಾನನ್ನು ಹಾಲಿನವನು ಬೇರೆ ಯಾರಿಗೋ ಕೊಟ್ಟ. ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ಅಮ್ಮನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು, ಅವಳ ಕಿವಿಗೇ ಅಚ್ಚು ತೆಗೆದರು. ಮೆಷಿನ್ನುಗಳು ಬಂದ ದಿನ ಮೂವರೂ ಹೋದರು. ಅಲ್ಲಿಯ ಹುಡುಗಿ ಅವುಗಳನ್ನು ಕೂರಿಸಿ ಸ್ವಿಚ್ಚು ಹಾಕಿದಳು. ಅಮ್ಮ ಬೆಚ್ಚಿ ಮೇಲೆ ನೋಡಿದಳು. ಫ್ಯಾನು ತಿರುಗುವ ಸದ್ದು. ಬಾಗಿಲಿನಾಚೆ ಯಾರೋ ಕೆಮ್ಮಿದ ಸದ್ದು.

"ಫ್ಯಾನು ಇಷ್ಟು ಸದ್ದು ಮಾಡುತ್ತಾ?" ಎಂದು ಕೂಗಿ, ಕೂಗಿದ ಕೂಡಲೇ ತನ್ನ ಬಾಯಿಯನ್ನೇ ಮುಚ್ಚಿಕೊಂಡಳು. "ಅಯ್ಯೋ, ನಾನು ಇಷ್ಟು ಕಿರಿಚ್ತೀನಾ? ಯಾರೂ ಹೇಳ್ಬಾರ್ದಿತ್ತಾ?"

ಡಾಕ್ಟ್ರು ಅವಳ ಮುಂದೆ ಮಂಡಿಯೂರಿ ಕೂತ. ದಾರಿಯುದ್ದಕ್ಕೂ ಒಂದು ದೊಡ್ಡ ಭಾಷಣ ಕಟ್ಟಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಎರಡೇ ಮಾತು, ಅದೂ ಸಣ್ಣ ದನಿಯಲ್ಲಿ. "ಅಮ್ಮಾ, ತಪ್ಪಾಯ್ತು."

"ಕೇಳಿಸ್ತು," ಎಂದಳು ಅಮ್ಮ. ಅವನ ತಲೆಯ ಮೇಲೆ ಕೈಯಿಟ್ಟಳು. ಕೈ ಅಲ್ಲೇ ಇತ್ತು.

"ಹೇಗಿದೆ ಅಮ್ಮಾ? ಸರಿಯಾಗಿ ಕೂತಿದ್ಯಾ?" ಎಂದು ಹುಡುಗಿ ಕೇಳಿದಳು.

"ಬಲು ಚೆನ್ನಾಗಿ ಕೂತಿದೆ. ದಾರ ಸುತ್ತೋದೂ ಬೇಡ." ಅಮ್ಮ ಇನ್ನೊಂದು ಕೈಯಿಂದ ಬಲಗಿವಿಯ ಹಿಂದೆ ಮುಟ್ಟಿ ನೋಡಿಕೊಂಡಳು. ಅಲ್ಲಿ ಏನನ್ನೋ ಹುಡುಕುವವಳಂತೆ ಎರಡು ಸಲ ಸವರಿದಳು. "ಆದ್ರೆ ಇದು ನನ್ನದಲ್ಲ ಕಣಮ್ಮ."

ಹುಡುಗಿ ಗಾಬರಿಯಾಗಿ ಡಬ್ಬಿಯ ಮೇಲಿನ ಹೆಸರು ನೋಡಿದಳು. "ನಿಮ್ಮ ಕಿವಿಗೇ ಅಚ್ಚು ತೆಗ್ದು ಮಾಡಿದ್ದಮ್ಮಾ."

"ಅದಕ್ಕೇ ಹೇಳ್ದೆ. ನನ್ನದು ಇವನಪ್ಪನ ಕಿವಿಗೆ ಮಾಡಿದ್ದು."

ಫ್ಯಾನು ತಿರುಗುತ್ತಲೇ ಇತ್ತು. ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಕಣ್ಣೊರೆಸಿಕೊಂಡು, ಅತ್ತೆಗೆ ಕೇಳಿಸದೆಂಬ ಹಳೆಯ ಅಭ್ಯಾಸದಲ್ಲಿ, ಗಂಡನಿಗಷ್ಟೇ ಎಂಬಂತೆ ಮೆಲ್ಲಗೆ ಅಂದಳು: "ಹೋಗಿ, ಇದಕ್ಕೂ ಒಂದು ತಕರಾರು ಹಾಕ್ಬನ್ನಿ."

ಅಮ್ಮ ತಿರುಗಿದಳು. 'ತಕರಾರು' ಎಂಬ ಪದ ಮೊದಲ ಸಲ ಅವಳಿಗೆ ಸರಿಯಾಗಿ ಕೇಳಿಸಿತ್ತು.

"ತಕರಾರೇನೂ ಇಲ್ಲ ಕಣಮ್ಮ ನನ್ದು," ಎಂದು ಸೆರಗು ಸರಿಮಾಡಿಕೊಂಡು ಎದ್ದಳು. "ಮನೆಗೆ ಹೋಗ್ತಾ ಒಂದಿಷ್ಟು ತರಕಾರಿ ತಗೊಂಡ್ರೆ ಸಾಕು."